ಮುದ್ದೇನಹಳ್ಳಿಯ ಯೋಜನೆ, ಟ್ಯೂರಿನ್ನಿನ ಎಂಜಿನ್

ನ್ಯೂಯಾರ್ಕಿನ ಆಧುನಿಕ ಕಲೆಗಳ ವಸ್ತುಸಂಗ್ರಹಾಲಯ 1951ರಲ್ಲಿ ಎಂಟು ಕಾರುಗಳನ್ನು ತಂದು ಶಿಲ್ಪಗಳಂತೆ ಪ್ರದರ್ಶನಕ್ಕಿಟ್ಟಿತು. ಅವುಗಳಲ್ಲಿ ಒಂದು ಇಟಲಿಯ ಟ್ಯೂರಿನ್ ನಗರದ ಚಿಸಿಟಾಲಿಯಾ 202. ಪಿನಿನ್‌ಫರೀನಾ ಕಾರ್ಖಾನೆಯ ಕುಶಲಕರ್ಮಿಗಳು ಅಲ್ಯೂಮಿನಿಯಂ ತಗಡನ್ನು ಕೈಯಲ್ಲೇ ಬಡಿದು ರೂಪಿಸಿದ್ದ ಈ ಎರಡು ಸೀಟಿನ ಕಾರು 1972ರಲ್ಲಿ ಆ ಸಂಗ್ರಹಾಲಯದ ಕಾಯಂ ಆಸ್ತಿಯಾಯಿತು. ದೂರದ ಊರಿಗೆ ವೇಗವಾಗಿ, ಆಯಾಸವಿಲ್ಲದೆ ಹೋಗಿ ಬರಲೆಂದೇ ಕಟ್ಟುವ ಗ್ರಾಂಡ್ ಟೂರಿಂಗ್ ಕಾರುಗಳ ಇತಿಹಾಸವನ್ನು ಯಾರೇ ಬರೆದರೂ ಈ ಹೆಸರನ್ನು ಬಿಡುವಂತಿಲ್ಲ. ಯುದ್ಧಾನಂತರದ ಇಟಲಿ ಜಗತ್ತಿಗೆ ಕೊಟ್ಟ ಸುಂದರ ಕಾರುಗಳ ಸಾಲು ಶುರುವಾಗುವುದೇ ಇಲ್ಲಿಂದ.

ಆ ಕಾರಿನ ಬಾನೆಟ್ ಎತ್ತಿದರೆ ಒಳಗೆ ಕಾಣುವ ಎಂಜಿನ್ನಿನ ಮನೆತನ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳ ಹಳೆಯ ಮೆಕ್ಯಾನಿಕ್‌ಗಳಿಗೆ ಚೆನ್ನಾಗಿ ಗೊತ್ತು. ನಾಲ್ಕು ಸಿಲಿಂಡರ್, 68 ಮಿಲಿಮೀಟರ್ ಬೋರ್, 75 ಮಿಲಿಮೀಟರ್ ಸ್ಟ್ರೋಕ್, ಒಟ್ಟು 1089 ಸಿ.ಸಿ. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಫಿಯೆಟ್ 1100 ಕಾರಿನದೂ, ಅದರ ಕೊನೆಯ ಅವತಾರವಾದ ಪ್ರೀಮಿಯರ್ ಪದ್ಮಿನಿಯದೂ ಇದೇ ಅಳತೆ.

ಈ ಎಂಜಿನ್ ಹುಟ್ಟಿದ್ದು 1937ರಲ್ಲಿ. ಫಿಯೆಟ್ ಕಂಪನಿಯ ದಾಂತೆ ಜಾಕೋಸಾ ಎಂಬ ಎಂಜಿನಿಯರ್ ಆಗಷ್ಟೇ ‘ಟೊಪೊಲಿನೊ’ ಎಂಬ ಪುಟ್ಟ ಕಾರನ್ನು ಮುಗಿಸಿ, ಮಧ್ಯಮ ವರ್ಗದ ಕುಟುಂಬಕ್ಕೆ ಒಗ್ಗುವ 508 ಸಿ ಮಾದರಿಗೆ ಕೈಹಚ್ಚಿದ್ದರು. ಎರಕದ ಕಬ್ಬಿಣದ ಬ್ಲಾಕ್, ಮೇಲೆ ಅಲ್ಯೂಮಿನಿಯಂ ಹೆಡ್, ವಾಲ್ವ್‌ಗಳೂ ಮೇಲೆಯೇ. ಆಗಿನ ಸಾಧಾರಣ ಕಾರುಗಳಲ್ಲಿ ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿರುತ್ತಿದ್ದವು. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಸುತ್ತು ಹಾಕಿ ಒಳಗೆ ಬರಬೇಕಿತ್ತು. ಜಾಕೋಸಾ ಅವರ ಎಂಜಿನ್ ಸಲೀಸಾಗಿ ಉಸಿರಾಡಿತು. 32 ಅಶ್ವಶಕ್ತಿ ಕೇಳಲು ಕಡಿಮೆ, ಆದರೆ ಅದರಿಂದ ಇನ್ನೂ ಎಷ್ಟೋ ಶಕ್ತಿಯನ್ನು ಹಿಂಡಬಹುದೆಂದು ಪಂದ್ಯದ ಹುಚ್ಚಿನವರಿಗೆ ಬೇಗನೆ ತಿಳಿಯಿತು.

ಅಂಥವರಲ್ಲಿ ಮುಖ್ಯನಾದವನು ಪಿಯೆರೊ ದೂಸಿಯೊ. ಫುಟ್‌ಬಾಲ್ ಆಡಿದವನು, ಜವಳಿ ವ್ಯಾಪಾರದಲ್ಲಿ ಹಣ ಮಾಡಿದವನು, ಯುವೆಂಟಸ್ ಕ್ಲಬ್ಬಿನ ಅಧ್ಯಕ್ಷನಾಗಿದ್ದವನು. ಯುದ್ಧ ಮುಗಿದು ಇಟಲಿ ಇನ್ನೂ ಚೇತರಿಸಿಕೊಳ್ಳುತ್ತಿದ್ದಾಗ ಚಿಸಿಟಾಲಿಯಾ ಎಂಬ ಹೆಸರಿನಲ್ಲಿ ರೇಸ್ ಕಾರು ಕಟ್ಟಲು ಹೊರಟ. ಹೊಸ ಎಂಜಿನ್ ಮಾಡುವಷ್ಟು ಅನುಕೂಲವಿರಲಿಲ್ಲ. ಎಲ್ಲೆಡೆ ಸಿಗುತ್ತಿದ್ದ ಫಿಯೆಟ್ 1100ರ ಎಂಜಿನ್ನನ್ನೇ ತೆಗೆದುಕೊಂಡ. ಅದನ್ನು ಹದಗೊಳಿಸಿ ಉಕ್ಕಿನ ಕೊಳವೆಗಳ ಹಗುರ ಹಂದರದೊಳಗೆ ಕೂರಿಸಿದ. 1947ರ ಮಿಲ್ಲೆ ಮಿಲಿಯಾ ಪಂದ್ಯದಲ್ಲಿ, ಸಾವಿರದ ಆರುನೂರು ಕಿಲೋಮೀಟರಿಗೂ ಹೆಚ್ಚು ದೂರದ ಆ ಓಟದಲ್ಲಿ, 54 ವರ್ಷದ ತಾಜಿಯೊ ನುವೊಲಾರಿ ಚಿಸಿಟಾಲಿಯಾದ ತೆರೆದ ಕಾರನ್ನು ಓಡಿಸಿ ಬಹುದೂರದವರೆಗೆ ಮುಂದಿದ್ದರು. ಕೊನೆಯ ಹಂತದಲ್ಲಿ ಮಳೆ ಸುರಿದು ಎಂಜಿನ್ನಿನ ವಿದ್ಯುತ್ ಭಾಗಗಳಿಗೆ ನೀರು ನುಗ್ಗಿತು. ಗೆದ್ದದ್ದು ಅದರ ಎರಡೂವರೆ ಪಟ್ಟಿಗಿಂತ ದೊಡ್ಡ ಎಂಜಿನ್ನಿನ ಆಲ್ಫಾ ರೋಮಿಯೊ. ಎರಡನೆಯ ಸ್ಥಾನಕ್ಕೆ ಬಂದ ನುವೊಲಾರಿ ಅವರ ಹೆಸರನ್ನು ಮಾತ್ರ ಇಟಲಿ ಇಂದಿಗೂ ಮರೆತಿಲ್ಲ.

ಅದೇ ವರ್ಷ ಬಂದ ಮುಚ್ಚು ಮಾದರಿಯ 202, ಕಾರೆಂದರೆ ಹೇಗಿರಬೇಕು ಎಂಬ ಕಲ್ಪನೆಯನ್ನೇ ಬದಲಿಸಿತು. ಅದುವರೆಗೆ ಕಾರಿನ ಬಾನೆಟ್ ಎತ್ತರಕ್ಕೆ ನಿಂತಿರುತ್ತಿತ್ತು, ಮಡ್‌ಗಾರ್ಡ್‌ಗಳು ಬೇರೆ ತುಂಡುಗಳಾಗಿ ಅಂಟಿಕೊಂಡಿರುತ್ತಿದ್ದವು. ಇಲ್ಲಿ ಬಾನೆಟ್ ಮಡ್‌ಗಾರ್ಡ್‌ಗಳ ಅಂಚಿಗಿಂತ ಕೆಳಗಿಳಿಯಿತು, ಮೈಯೆಲ್ಲ ಒಂದೇ ಹೊದಿಕೆಯಾಯಿತು. ಸುಮಾರು 170 ಕಾರುಗಳು ತಯಾರಾಗುವಷ್ಟರಲ್ಲಿ ದೂಸಿಯೊ ಗ್ರ್ಯಾನ್ ಪ್ರಿ ಕಾರಿನ ಯೋಜನೆಯೊಂದಕ್ಕೆ ಹಣ ಸುರಿದು ದಿವಾಳಿಯಾದ. ರೂಪ ಉಳಿಯಿತು. ಆಮೇಲಿನ ಇಟಲಿಯ ಗ್ರಾಂಡ್ ಟೂರಿಂಗ್ ಕಾರುಗಳೆಲ್ಲ ಅದರ ಋಣದಲ್ಲಿವೆ.

ಈ ಇಟಲಿಯ ಕಥೆ ಚಿಕ್ಕಬಳ್ಳಾಪುರಕ್ಕೆ ಬಂದು ಸೇರುವುದು ಹೇಗೆ? ದಾರಿ ಮುದ್ದೇನಹಳ್ಳಿಯ ಮೂಲಕ ಹಾದುಬರುತ್ತದೆ.

ನಂದಿ ಬೆಟ್ಟದ ಸಾಲಿನ ಬುಡದಲ್ಲಿರುವ ಈ ಹಳ್ಳಿಯಲ್ಲಿ ಹುಟ್ಟಿ ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಅಕ್ಷರ ಕಲಿತ ಸರ್ ಎಂ. ವಿಶ್ವೇಶ್ವರಯ್ಯನವರನ್ನು ನಾಡು ನೆನೆಯುವುದು ಕನ್ನಂಬಾಡಿ ಕಟ್ಟೆಯಿಂದ, ಭದ್ರಾವತಿಯ ಕಬ್ಬಿಣದಿಂದ, ಮೈಸೂರು ವಿಶ್ವವಿದ್ಯಾಲಯದಿಂದ. ದಿವಾನಗಿರಿ ಬಿಟ್ಟು ಹದಿನೇಳು ವರ್ಷಗಳಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಹಿಡಿದ ಇನ್ನೊಂದು ಕೆಲಸ ಅಷ್ಟು ಪ್ರಸಿದ್ಧವಲ್ಲ. ಭಾರತದಲ್ಲೇ ಮೋಟಾರು ಕಾರು ತಯಾರಿಸಬೇಕು ಎಂಬುದು ಆ ಕೆಲಸ. 1935ರಲ್ಲಿ ಅವರು ಯುರೋಪು, ಅಮೆರಿಕಗಳಿಗೆ ಹೋಗಿ ಕಾರು ಕಾರ್ಖಾನೆಗಳನ್ನು ಕಂಡು ಬಂದರು. 1936ರ ಹೊತ್ತಿಗೆ ಬೊಂಬಾಯಿಯಲ್ಲಿ ಕಾರ್ಖಾನೆ ಸ್ಥಾಪಿಸುವ ವಿವರವಾದ ಯೋಜನೆ ಸಿದ್ಧವಾಗಿತ್ತು. ಯಂತ್ರ ಎಷ್ಟು, ಬಂಡವಾಳ ಎಷ್ಟು, ವರ್ಷಕ್ಕೆ ಎಷ್ಟು ಗಾಡಿ, ಯಾವ ಭಾಗ ಮೊದಲು ಇಲ್ಲಿ ತಯಾರಾಗಬೇಕು ಎಂಬ ಲೆಕ್ಕಗಳಿಲ್ಲದೆ ಅವರು ಯಾವ ಮಾತನ್ನೂ ಆಡಿದವರಲ್ಲ.

ಕೈಜೋಡಿಸಿದವರು ಸೊಲ್ಲಾಪುರ ಮೂಲದ ಉದ್ಯಮಿ ವಾಲಚಂದ್ ಹೀರಾಚಂದ್. ಬೊಂಬಾಯಿ ಪ್ರಾಂತ್ಯದಲ್ಲಿ 1937ರಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಸರ್ಕಾರ ಬಂಡವಾಳದ ಮೇಲಿನ ಬಡ್ಡಿಗೆ ಖಾತರಿ ನಿಲ್ಲಲು ಒಲವು ತೋರಿತು. 1939ರಲ್ಲಿ ಯುದ್ಧ ಶುರುವಾಗಿ ಆ ಸರ್ಕಾರ ರಾಜೀನಾಮೆ ಕೊಟ್ಟಿತು, ಖಾತರಿಯೂ ಅಲ್ಲಿಗೇ ನಿಂತಿತು. ವಾಲಚಂದ್ ಅಮೆರಿಕಕ್ಕೆ ಹೋಗಿ ಮೊದಲು ಫೋರ್ಡ್ ಕಂಪನಿಯ ಜೊತೆ ಮಾತಾಡಿದರು, ಹೊಂದಲಿಲ್ಲ, ಕ್ರೈಸ್ಲರ್ ಒಪ್ಪಿತು. ಕಾರ್ಖಾನೆ ಬೊಂಬಾಯಿಯಲ್ಲಿ ಆಗದಿದ್ದರೆ ಬೆಂಗಳೂರಿನಲ್ಲಾಗಲಿ ಎಂಬ ಯೋಚನೆಗೆ ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರಿನಲ್ಲಿ ಒಲವಿತ್ತು. ಆದರೆ ದೆಹಲಿಯ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಯುದ್ಧಕಾಲದಲ್ಲಿ ಡಾಲರ್ ಖರ್ಚು ಮಾಡುವಂತಿಲ್ಲ ಎಂಬುದು ಅದರ ವಾದ. ಯುದ್ಧಕ್ಕೆ ಬೇಕಾದ ಸಾವಿರಾರು ಲಾರಿಗಳನ್ನು ಹೊರಗಿನಿಂದ ತರಿಸುತ್ತಿದ್ದ ಸರ್ಕಾರವೇ ಅವನ್ನು ಇಲ್ಲಿ ತಯಾರಿಸಲು ಬಿಡಲಿಲ್ಲ. ಈ ನಿರಾಕರಣೆ ವಿಶ್ವೇಶ್ವರಯ್ಯನವರನ್ನು ಎಷ್ಟು ನೋಯಿಸಿತ್ತೆಂಬುದು ಅವರ ಆತ್ಮಕಥನವನ್ನು ಓದಿದವರಿಗೆ ತಿಳಿದೇ ಇದೆ.

ಆ ಓಡಾಟ ಪೂರ್ತಿ ವ್ಯರ್ಥವಾಗಲಿಲ್ಲ. ಅಮೆರಿಕದಿಂದ ಮರಳುವ ವಿಮಾನದಲ್ಲಿ ವಾಲಚಂದ್‌ರಿಗೆ ವಿಮಾನ ತಯಾರಿಕೆಯ ಉದ್ಯಮಿ ವಿಲಿಯಂ ಪಾಲಿ ಸಿಕ್ಕರು. ಆ ಮಾತುಕತೆಯ ಫಲವಾಗಿ 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಮೈಸೂರು ಸಂಸ್ಥಾನ ಜಮೀನು ಕೊಟ್ಟಿತು, 25 ಲಕ್ಷ ರೂಪಾಯಿಯ ಪಾಲು ಬಂಡವಾಳವನ್ನೂ ಹಾಕಿತು. ಇಂದಿನ ಎಚ್‌ಎಎಲ್ ಅದೇ. ಕಾರು ಬೇಡವೆಂದ ಸರ್ಕಾರ ಯುದ್ಧದ ಒತ್ತಡದಲ್ಲಿ ವಿಮಾನಕ್ಕೆ ಹೂಂ ಎಂದಿತು. ಕಾರು ಮಾತ್ರ ಮೈಸೂರು ಸೀಮೆಯ ಕೈತಪ್ಪಿತು.

ಈ ಹಂತದಲ್ಲಿ ಜಪಾನಿನತ್ತ ಒಮ್ಮೆ ನೋಡಲೇಬೇಕು. ವಿಶ್ವೇಶ್ವರಯ್ಯನವರ ಯೋಜನೆ ಸಿದ್ಧವಾದ 1936ರಲ್ಲೇ ಜಪಾನ್ ತನ್ನ ಮೋಟಾರು ಉದ್ಯಮವನ್ನು ವಿದೇಶಿ ಕಂಪನಿಗಳಿಂದ ಕಾಪಾಡುವ ಕಾಯ್ದೆ ತಂದಿತು. ನೇಯ್ಗೆ ಯಂತ್ರಗಳ ಕಂಪನಿಯೊಂದರ ವಿಭಾಗವಾಗಿದ್ದ ಟೊಯೊಟಾ ತನ್ನ ಮೊದಲ ಪ್ರಯಾಣಿಕರ ಕಾರನ್ನು ಆ ವರ್ಷವೇ ಹೊರತಂದಿತು, ಮರುವರ್ಷ ಸ್ವತಂತ್ರ ಕಂಪನಿಯಾಯಿತು. ಅಲ್ಲಿ ಸರ್ಕಾರ ಬೆನ್ನಿಗೆ ನಿಂತಿತು, ಇಲ್ಲಿ ಅಡ್ಡ ನಿಂತಿತು. ನಡುವಿನ ವ್ಯತ್ಯಾಸ ಪ್ರತಿಭೆಯದಲ್ಲ, ಸ್ವಾತಂತ್ರ್ಯದ್ದು.

ವಾಲಚಂದ್ ಛಲ ಬಿಡಲಿಲ್ಲ. 1944ರಲ್ಲಿ ಬೊಂಬಾಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. 1947ರಲ್ಲಿ ಕ್ರೈಸ್ಲರ್ ಸಮೂಹದ ಗಾಡಿಗಳ ಜೋಡಣೆ ಶುರುವಾಯಿತು. ಅಮೆರಿಕದ ದೊಡ್ಡ ಕಾರು ನಮ್ಮ ಜೇಬಿಗೂ ರಸ್ತೆಗೂ ಹೊಂದುವಂಥದ್ದಲ್ಲ ಎಂದು ತಿಳಿದಾಗ ಕಂಪನಿ ಫಿಯೆಟ್ ಕಡೆ ತಿರುಗಿತು. ಮೊದಲು ಬಂದದ್ದು ಜಾಕೋಸಾ ಅವರ ಪುಟ್ಟ ಫಿಯೆಟ್ 500. ಬಿಡಿಭಾಗ ತರಿಸಿ ಜೋಡಿಸಿ ಮಾರುವವರು ಬೇಡ, ಹಂತಹಂತವಾಗಿ ಇಲ್ಲೇ ತಯಾರಿಸುವವರು ಮಾತ್ರ ಇರಲಿ ಎಂದು ಸರ್ಕಾರ 1953ರಲ್ಲಿ ತೀರ್ಮಾನಿಸಿದ ಮೇಲೆ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಭಾರತ ಬಿಟ್ಟವು, ಪ್ರೀಮಿಯರ್ ಉಳಿಯಿತು. ಅದೇ 1953ರ ಮಾರ್ಚ್‌ನಲ್ಲಿ ಜಿನೀವಾದ ಮೋಟಾರು ಮೇಳದಲ್ಲಿ ಫಿಯೆಟ್ ಹೊಸ 1100 ಕಾರನ್ನು ಪ್ರದರ್ಶಿಸಿತು. ಮುಂದಿನ ತಿಂಗಳು ವಾಲಚಂದ್ ತೀರಿಕೊಂಡರು. 1954ರಲ್ಲಿ ಕುರ್ಲಾದಿಂದ ಭಾರತದ ಮೊದಲ 1100 ಹೊರಬಂತು. ಹೊಸ ಮೈಯೊಳಗೆ ಇದ್ದದ್ದು 1937ರ ಅದೇ 1089 ಸಿ.ಸಿ. ಎಂಜಿನ್.

ಆ ಮೊದಲ ಮಾದರಿಯ ಮುಂದಿನ ಬಾಗಿಲು ಮುಂದಿನಿಂದ ಹಿಂದಕ್ಕೆ ತೆರೆದುಕೊಳ್ಳುತ್ತಿತ್ತು. ಸೀರೆ, ಪಂಚೆ ಉಟ್ಟವರಿಗೆ ಹತ್ತಿ ಇಳಿಯಲು ಅನುಕೂಲವಾಗಿದ್ದರೂ ಓಡುವಾಗ ಚಿಲಕ ಕಳಚಿದರೆ ಗಾಳಿ ಬಾಗಿಲನ್ನು ಪೂರ್ತಿ ಹಾರಿಸಿಬಿಡುವ ಅಪಾಯವಿತ್ತು. ಮುಂದೆ ಅದು ಬದಲಾಯಿತು. 1964ರಲ್ಲಿ ಬಂದ ‘ಡಿಲೈಟ್’ ಮಾದರಿಯ ಮೂಲೆ ಮೊನಚಾಯಿತು, ಹಿಂಬದಿಯಲ್ಲಿ ಸಣ್ಣ ರೆಕ್ಕೆಗಳಿದ್ದವು. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಬ್ಯಾಂಕಿನಲ್ಲಿ ಐದು ಸಾವಿರ ರೂಪಾಯಿ ಸಾಲ ಮಾಡಿ ಕೊಂಡದ್ದು ಆ ಕಾಲದ ಫಿಯೆಟ್ಟನ್ನೇ. ಅವರು ತೀರಿಕೊಂಡ ಮೇಲೆ ಪತ್ನಿ ಲಲಿತಾ ಶಾಸ್ತ್ರಿಯವರು ಆ ಸಾಲವನ್ನು ತೀರಿಸಿದರು. ಫಿಯೆಟ್ ಜೊತೆಗಿನ ಪರವಾನಗಿ ಒಪ್ಪಂದ ಮುಗಿದಾಗ ಕಾರು ‘ಪ್ರೀಮಿಯರ್ ಪ್ರೆಸಿಡೆಂಟ್’ ಆಯಿತು. 1974ರಲ್ಲಿ ಚಿತ್ತೋರಿನ ರಾಣಿಯ ಹೆಸರು ಹೊತ್ತು ‘ಪದ್ಮಿನಿ’ಯಾಯಿತು. ನಮ್ಮೂರುಗಳಲ್ಲಿ ಮಾತ್ರ ಕೊನೆಯವರೆಗೂ ಅದು ‘ಫಿಯೆಟ್ಟು’.

ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ತಾಲ್ಲೂಕುಗಳಿಗೆ ಸ್ವಂತ ಕಾರು ಎಂದರೇನು ಎಂಬುದನ್ನು ಇವತ್ತಿನ ಹೆದ್ದಾರಿಯಲ್ಲಿ ನಿಂತು ಊಹಿಸುವುದು ಕಷ್ಟ. ಯಲಹಂಕದಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ಮೇಲೆ ಕೋಲಾರಕ್ಕೆ 1910ರ ದಶಕದಲ್ಲಿ ಹಾಕಿದ ನ್ಯಾರೋಗೇಜ್ ಹಳಿಯ ಮೇಲೆ ಸಣ್ಣ ರೈಲು ನಿಧಾನವಾಗಿ ಸಾಗುತ್ತಿತ್ತು. ಚಿಕ್ಕಬಳ್ಳಾಪುರ ಮತ್ತು ಕೋಲಾರಗಳ ನಡುವೆ ಬ್ರಾಡ್‌ಗೇಜ್ ಬಂದದ್ದು 2013ರಲ್ಲಿ. ಗೌರಿಬಿದನೂರಿನ ರೈಲು ದಾರಿಯೇ ಬೇರೆ, ಅದು ದೊಡ್ಡಬಳ್ಳಾಪುರದ ಕಡೆಯಿಂದ ಬಂದು ಹಿಂದೂಪುರದತ್ತ ಹೋಗುತ್ತದೆ. ಅಡ್ಡಡ್ಡ ಹೋಗಬೇಕಾದವರಿಗೆ ಬಸ್ಸೇ ಗತಿ. ರೇಷ್ಮೆಗೂಡಿನ ವ್ಯಾಪಾರಿ, ನೆಲಗಡಲೆ ಮಂಡಿಯ ಸಾಹುಕಾರ, ಊರಿನ ಡಾಕ್ಟರು, ವಕೀಲರು, ಕಂಟ್ರಾಕ್ಟರು ಕಾರು ಕೊಳ್ಳುವಾಗ ಎದುರಿದ್ದ ಮುಖ್ಯ ಆಯ್ಕೆ ಎರಡು. ಅಂಬಾಸಿಡರ್ ಸರ್ಕಾರಿ ಕಚೇರಿಯದು, ಬಾಡಿಗೆ ಸ್ಟ್ಯಾಂಡಿನದು. ಆರೇಳು ಜನ ಹತ್ತಿದರೂ ಅಲುಗದು. ತಾವೇ ಸ್ಟೇರಿಂಗ್ ಹಿಡಿಯುವವರ ಕಾರು ಫಿಯೆಟ್. ಸುಮಾರು ಒಂಬತ್ತು ನೂರು ಕೆ.ಜಿ. ತೂಕ, ಕೈಗೆ ಹಗುರ, ತಿರುವಿನಲ್ಲಿ ಚುರುಕು, ಪೆಟ್ರೋಲಿಗೆ ಮಿತ. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಸರದಿ ಬಂದಾಗ ಸಿಕ್ಕ ಬಣ್ಣವನ್ನೇ ಒಪ್ಪಿಕೊಳ್ಳಬೇಕಿತ್ತು.

ಓಡಿಸುವುದಕ್ಕೂ ಅಭ್ಯಾಸ ಬೇಕು. ಗೇರಿನ ಕಡ್ಡಿ ನೆಲದಲ್ಲಿಲ್ಲ, ಸ್ಟೇರಿಂಗಿನ ಪಕ್ಕದಲ್ಲೇ. ಚಳಿಗಾಲದ ಬೆಳಗ್ಗೆ ಚೋಕ್ ಎಳೆದು ಸೆಲ್ಫ್ ಹೊಡೆಯಬೇಕು, ಎಂಜಿನ್ ಬಿಸಿಯಾಗುವವರೆಗೆ ಆಕ್ಸಿಲರೇಟರಿನ ಮೇಲೆ ಕಾಲು ಹಗುರವಾಗಿ ಇಟ್ಟಿರಬೇಕು. ಮುಂದಿನ ಎರಡು ಚಕ್ರಗಳಿಗೆ ಬೇರೆಬೇರೆಯಾಗಿ ಕಾಯಿಲ್ ಸ್ಪ್ರಿಂಗ್ ಇರುವುದರಿಂದ ಒಂದು ಚಕ್ರ ಗುಂಡಿಗಿಳಿದರೆ ಇನ್ನೊಂದಕ್ಕೆ ಪೆಟ್ಟು ತಾಗುವುದಿಲ್ಲ. ಹಿಂದೆ ಹಳೆಯ ಪಟ್ಟೆ ಸ್ಪ್ರಿಂಗ್. 1478 ಮೀಟರ್ ಎತ್ತರದ ನಂದಿ ಬೆಟ್ಟಕ್ಕೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹತ್ತುವಾಗ ನಲವತ್ತು ಅಶ್ವಶಕ್ತಿಯ ಎಂಜಿನ್ ಎರಡನೇ ಗೇರಿನಲ್ಲೇ ಏದುತ್ತಿತ್ತು. ತಿರುವೊಂದರಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ, ಕುದಿ ಇಳಿದ ಮೇಲೆ ರೇಡಿಯೇಟರಿಗೆ ನೀರು ಹೊಯ್ಯುವುದು ಪ್ರವಾಸದ ಭಾಗವೇ ಆಗಿತ್ತು. ಹೀಗೆ ಬೆಟ್ಟ ಹತ್ತಿದ, ಮದನಪಲ್ಲಿಯ ದಾರಿಯಲ್ಲಿ ತಿರುಪತಿಗೆ ಹೋಗಿಬಂದ, ಮದುವೆಯಲ್ಲಿ ಹೂವಿನ ಸರ ಹೊತ್ತು ಹೆಣ್ಣು ಗಂಡನ್ನು ಮೆರೆಸಿದ ಕಾರಿಗೆ ಗ್ರಾಂಡ್ ಟೂರಿಂಗ್ ಎಂಬ ಬಿರುದು ಖಂಡಿತ ಸಲ್ಲುತ್ತದೆ. ಫಿಯೆಟ್ ಇದೇ 1100ರ ವೇಗದ ಮಾದರಿಯೊಂದನ್ನು 1953ರಲ್ಲಿ ‘ಟೂರಿಸ್ಮೊ ವೆಲೋಚೆ’ ಎಂದೇ ಮಾರಿತ್ತು.

ಗ್ಯಾರೇಜುಗಳ ಮಾತು ಹೇಳದೆ ಈ ಕಥೆ ಮುಗಿಯದು. ಕನ್ನಡ, ತೆಲುಗು, ಉರ್ದು ಮೂರೂ ಬೆರೆತ ಮಾತಿನಲ್ಲಿ ಇಲ್ಲಿನ ಮೆಕ್ಯಾನಿಕ್‌ಗಳು ಈ ಎಂಜಿನ್ನನ್ನು ಗುರುವಿಲ್ಲದೆ ಕಲಿತರು. ಪಾಯಿಂಟ್ ಸವೆದರೆ ಎಮರಿ ಕಾಗದದಲ್ಲಿ ತಿಕ್ಕುವುದು, ಕಾರ್ಬೊರೇಟರ್ ಬಿಚ್ಚಿ ಜೆಟ್ ಊದುವುದು, ಹೊಗೆ ಹೆಚ್ಚಾದರೆ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸುವುದು. ಒಂದೆರಡು ಸ್ಪ್ಯಾನರ್ ಸೆಟ್ಟಿನಲ್ಲಿ ಇಡೀ ಎಂಜಿನ್ ಬಿಚ್ಚಬಹುದಿತ್ತು. ಇಲ್ಲಿ ಸಿಗದ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತಿತ್ತು. ಸ್ಪಾರ್ಕ್ ಪ್ಲಗ್ ಅಂತೂ ಬೆಂಗಳೂರಿನದೇ, ಮೈಕೋ ಕಂಪನಿಯದು. ಪಿಸ್ಟನ್, ಟೈರು, ಬ್ಯಾಟರಿ, ಗಾಜು ಹೀಗೆ ಒಂದೊಂದೇ ಭಾಗ ಸ್ವದೇಶದ್ದಾಗಿ, ಹೊರಗಿನದು ಬಹುತೇಕ ಏನೂ ಇಲ್ಲದ ಸ್ಥಿತಿಗೆ ಕಾರು ಬಂತು. ವಿಶ್ವೇಶ್ವರಯ್ಯನವರ ಯೋಜನೆಯ ಒಂದು ಅರ್ಧ ಹೀಗೆ ನಿಜವಾಯಿತು.

ಇನ್ನೊಂದು ಅರ್ಧ ನಿಜವಾಗಲಿಲ್ಲ, ಅದನ್ನು ಮರೆಮಾಚಬಾರದು. ಇಟಲಿ ಈ 1100 ಸಾಲನ್ನು 1969ರಲ್ಲೇ ನಿಲ್ಲಿಸಿ ಹೊಸ ಕಾರುಗಳತ್ತ ನಡೆಯಿತು. ನಾವು ಅದನ್ನು ಶತಮಾನದ ಕೊನೆಯವರೆಗೂ ತಯಾರಿಸುತ್ತಲೇ ಇದ್ದೆವು. ಪೈಪೋಟಿ ಇಲ್ಲದ ಮಾರುಕಟ್ಟೆಯಲ್ಲಿ ವರ್ಷಗಟ್ಟಲೆ ಕಾಯುವ ಗಿರಾಕಿಗಳಿರುವಾಗ ಹೊಸ ಎಂಜಿನ್ ಕಟ್ಟುವ ಅಗತ್ಯ ಯಾವ ಕಂಪನಿಗೂ ಕಾಣಲಿಲ್ಲ, ಕಟ್ಟಲು ಹೊರಟರೂ ಪರವಾನಗಿಯ ಕಟ್ಟುಪಾಡು ಬಿಡುತ್ತಿರಲಿಲ್ಲ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದಾಗ ಜನ ಒಮ್ಮೆಗೇ ಆ ಕಡೆ ವಾಲಿದರು. ಪ್ರೀಮಿಯರ್ 1985ರಲ್ಲಿ ‘118 ಎನ್‌ಇ’ ಎಂಬ ಕಾರು ತಂದಿತು. ಮೈ ಫಿಯೆಟ್ 124ರದು, ಎಂಜಿನ್ ನಿಸಾನ್‌ನದು. ಪದ್ಮಿನಿಗೆ ಇಟಲಿಯ ಸಣ್ಣ ಡೀಸೆಲ್ ಎಂಜಿನ್ ಹಾಕಿಯೂ ಮಾರಿತು. ಎರವಲು ತರುವುದು ಮುಂದುವರಿಯಿತು, ತಾನೇ ಹೊಸತನ್ನು ರೂಪಿಸುವ ಕಸುವು ಬೆಳೆಯಲಿಲ್ಲ. ಕಲಿತು ಮೀರಬೇಕೆಂದು ಬಯಸಿದ್ದ ಹಿರಿಯರ ಯೋಜನೆಗೆ ಇದಕ್ಕಿಂತ ಒಳ್ಳೆಯ ಗತಿ ಸಲ್ಲಬೇಕಿತ್ತು.

ಹಳೆಯ ಮೈಸೂರು ಸೀಮೆಗೆ ದೊಡ್ಡ ಕಾರು ಕಾರ್ಖಾನೆ ಬಂದದ್ದು 1999ರ ಡಿಸೆಂಬರ್‌ನಲ್ಲಿ, ಬಿಡದಿಯಲ್ಲಿ. ಕಂಪನಿ ಟೊಯೊಟಾ, ವಿಶ್ವೇಶ್ವರಯ್ಯನವರ ಯೋಜನೆಯ ವರ್ಷದಲ್ಲೇ ಮೊದಲ ಕಾರು ಹೊರತಂದಿದ್ದ ಅದೇ ಟೊಯೊಟಾ. ಅಲ್ಲಿಂದ ಹೊರಬಂದ ಕ್ವಾಲಿಸ್ ಕೆಲವೇ ವರ್ಷಗಳಲ್ಲಿ ಚಿಂತಾಮಣಿ, ಚಿಕ್ಕಬಳ್ಳಾಪುರಗಳ ಬಾಡಿಗೆ ಸ್ಟ್ಯಾಂಡುಗಳನ್ನು ತುಂಬಿತು. ಪದ್ಮಿನಿಯ ತಯಾರಿಕೆ ನಿಂತದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಮುಂಬೈಯಲ್ಲಿ ಕಪ್ಪು ಹಳದಿ ಟ್ಯಾಕ್ಸಿಯಾಗಿ ಉಳಿದಿದ್ದ ಪದ್ಮಿನಿಗಳೂ ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟವು.

ವಾರಾಂತ್ಯದ ಬೆಳಗ್ಗೆ ಬೆಂಗಳೂರಿನಿಂದ ನಂದಿಯ ಕಡೆ ಬರುವ ವಾಹನಗಳಲ್ಲಿ ಇಂದು ಇಟಲಿಯ ಹೊಸ ಫೆರಾರಿ, ಲ್ಯಾಂಬೊರ್ಗಿನಿಗಳೂ ಇರುತ್ತವೆ. ರಸ್ತೆ ಬದಿಯಲ್ಲಿ ನಿಂತ ಹುಡುಗರು ಮೊಬೈಲ್ ಎತ್ತಿ ಅವುಗಳ ಫೋಟೊ ತೆಗೆಯುತ್ತಾರೆ. ಅದೇ ದಾರಿಯಲ್ಲಿ ಯಾರಾದರೂ ಜತನದಿಂದ ಕಾಪಾಡಿದ ಡಿಲೈಟ್ ಅಥವಾ ಪದ್ಮಿನಿ ಕಂಡರೆ ಅದನ್ನೂ ನಿಂತು ನೋಡಬೇಕು. ಇವೆಲ್ಲ ಒಂದೇ ನಾಡಿನ ವಂಶದವು, ಆದರೆ ನಮ್ಮ ಊರಿನ ಇತಿಹಾಸದಲ್ಲಿ ಪಾಲಿರುವುದು ಹಳೆಯದಕ್ಕೆ. ಶಾಲಾ ಮಕ್ಕಳನ್ನು ಮುದ್ದೇನಹಳ್ಳಿಯ ಮನೆಗೂ ಸಮಾಧಿಗೂ ಕರೆದೊಯ್ಯುವ ಮೇಷ್ಟ್ರುಗಳು ಅಣೆಕಟ್ಟಿನ ಜೊತೆಗೆ ಈ ಕಾರಿನ ಕಥೆಯನ್ನೂ ಹೇಳುವಂತಾಗಬೇಕು.

ಕಾರು ಉಳಿಸಿಕೊಂಡವರಿಗೆ ಕಾನೂನಿನಲ್ಲಿ ಈಗ ಒಂದು ಅನುಕೂಲವಿದೆ. ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡಿಸದ ಗಾಡಿಯನ್ನು ‘ವಿಂಟೇಜ್’ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿತು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳಾದ ಮೇಲೆ ‘ವಿ ಎ’ ಬರುತ್ತದೆ. ದಿನಬಳಕೆಗೆ, ಬಾಡಿಗೆಗೆ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ಹಳೆಯ ಕಾರುಗಳ ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಹೊರತೆಗೆಯಬಹುದು. ಡಿಲೈಟ್‌ಗಳಿಗೆಲ್ಲ ಆ ವಯಸ್ಸಾಗಿದೆ. 1974ರಲ್ಲಿ ಬಂದ ಮೊದಲ ಪದ್ಮಿನಿಗಳಿಗೂ ಈಗ ಐವತ್ತು ತುಂಬಿದೆ.